ನಮ್ಮ ‘ಉಂಟು’ ಹಿಡಿದು ಸ್ಪ್ಯಾನಿಷ್‌ನ ‘ತೆನೇರ್’ ಕಲಿಯುವ ಬಗೆ

ಹಡಗಿನ ಅಡುಗೆಮನೆಗೆ ಸೇರಿದ ಮೂರನೇ ದಿನ. ಮಧ್ಯಾಹ್ನದ ಕೆಲಸ ಮುಗಿಯುವಾಗ ಮೂರು ಗಂಟೆ ದಾಟಿತ್ತು. ಪಕ್ಕದಲ್ಲಿ ಪೆರು ದೇಶದ ಹಿರಿಯ ಕುಕ್ ಒಬ್ಬರು ಪಾತ್ರೆ ಒರೆಸುತ್ತಿದ್ದರು. ನಾನು ಧೈರ್ಯ ಮಾಡಿ ‘ಎಸ್ತೋಯ್ ಆಂಬ್ರೆ’ ಎಂದೆ. ಹಸಿವಾಗ್ತಿದೆ ಅಂತ ಹೇಳಲು ಹೊರಟದ್ದು. ಅವರಿಗೆ ಕೇಳಿಸಿದ್ದು ‘ನಾನು ಹಸಿವು ಆಗಿದ್ದೇನೆ’ ಅಂತ. ಅವರು ಒಂದು ತುಂಡು ಬ್ರೆಡ್ ನನ್ನ ಮುಂದೆ ಇಟ್ಟರು. ಆಮೇಲೆ ನಿಧಾನವಾಗಿ ಹೇಳಿಕೊಟ್ಟರು: ‘ತೆಂಗೊ. ತೆಂಗೊ ಆಂಬ್ರೆ.’

ನನಗೆ ಕೇಳಿಸಿದ್ದು ‘ತೆಂಗು’. ಮನೆಯ ಹಿಂದಿನ ತೋಟ ಕಣ್ಣ ಮುಂದೆ ಬಂತು. ಆ ಪದ ಮತ್ತೆ ಮರೆತು ಹೋಗಲಿಲ್ಲ.

ಈಗ ಊರಿಗೆ ಬಂದು, ಹಡಗಿನ ಕೆಲಸಕ್ಕೆ ಹೊರಟಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಸಂಜೆ ಜಗಲಿಯಲ್ಲಿ ಕೂತು ಸ್ವಲ್ಪ ಸ್ಪ್ಯಾನಿಷ್ ಹೇಳಿಕೊಡುತ್ತೇನೆ. ನನ್ನ ಅದೇ ತಪ್ಪನ್ನು ಅವರೂ ಮಾಡುತ್ತಾರೆ. ಕಾರಣವೂ ಒಂದೇ. ಕನ್ನಡದಲ್ಲಿ ಯೋಚಿಸಿ, ಅದನ್ನು ಮನಸ್ಸಿನಲ್ಲೇ ಇಂಗ್ಲಿಷ್ ಮಾಡಿ, ಅಲ್ಲಿಂದ ಸ್ಪ್ಯಾನಿಷ್‌ಗೆ ಹೋಗುತ್ತಾರೆ. ಇಂಗ್ಲಿಷ್‌ನಲ್ಲಿ ಹಸಿವು ಮನುಷ್ಯನ ಒಂದು ಸ್ಥಿತಿ. ಕನ್ನಡದಲ್ಲಿ ಹಾಗಲ್ಲ. ಹಸಿವು ಒಂದು ಹೆಸರು, ಒಂದು ವಸ್ತು ಇದ್ದ ಹಾಗೆ. ‘ನನಗೆ ಹಸಿವು ಉಂಟು.’ ಸ್ಪ್ಯಾನಿಷ್‌ನಲ್ಲೂ ಹಾಗೆಯೇ. ನಡುವೆ ಇಂಗ್ಲಿಷ್ ತರದಿದ್ದರೆ ನಮ್ಮ ದಾರಿ ಅರ್ಧ ಆಗುತ್ತದೆ.

ಅದರಲ್ಲೂ ಮಂಗಳೂರು, ಉಡುಪಿ ಕಡೆಯವರಿಗೆ ಇನ್ನೂ ಸುಲಭ. ನಮಗೆ ‘ಉಂಟು’ ಎಂಬ ಪದ ಉಂಟು. ಬೆಂಗಳೂರಿನವರು ‘ಇದೆ’ ಅನ್ನುವಲ್ಲಿ ನಾವು ‘ಉಂಟು’ ಅನ್ನುತ್ತೇವೆ. ತುಳುವಿನಲ್ಲಿ ‘ಎಂಕ್ ಬೇಲೆ ಉಂಡು’ (ನನಗೆ ಕೆಲಸ ಉಂಟು) ಅನ್ನುವುದೂ ಇದೇ ಜಾಯಮಾನ. ಈ ‘ನನಗೆ ಉಂಟು’ ಎಂಬುದನ್ನೇ ಕೈಯಲ್ಲಿ ಹಿಡಿದು, ‘ತೆಂಗೊ’ದ ಮೂಲವಾದ ‘ತೆನೇರ್’ ಎಂಬ ಕ್ರಿಯಾಪದವನ್ನು ಪೂರ್ತಿ ಕಲಿಯಬಹುದು. ಅಷ್ಟು ಜಾಗಗಳಲ್ಲಿ ಎರಡೂ ಹೊಂದುತ್ತವೆ. ಹೊಂದದ ಜಾಗಗಳೂ ಇವೆ. ಅವನ್ನೂ ಹೇಳುತ್ತೇನೆ.

ಮೊದಲು ಬಾಯಿ

‘ತೆನೇರ್’ ಎಂಬುದು ಮೂಲ ರೂಪ. ನಾವು ‘ಮಾಡು’, ‘ಹೋಗು’ ಅನ್ನುವ ಹಾಗೆ ನಿಘಂಟಿನಲ್ಲಿ ಸಿಗುವ ರೂಪ. ಒತ್ತು ಕೊನೆಯ ‘ನೇರ್’ ಮೇಲೆ. ಶುರುವಿನ ಅಕ್ಷರ ‘ತ’, ‘ಟ’ ಅಲ್ಲ. ಇಂಗ್ಲಿಷ್ ಅಭ್ಯಾಸದಲ್ಲಿ ‘ಟೆನರ್’ ಅಂದರೆ ಕೇಳುವವರಿಗೆ ಕಷ್ಟ. ನಾಲಿಗೆ ಹಲ್ಲಿಗೆ ತಾಗಬೇಕು, ‘ತೆಂಗು’ ಹೇಳುವಾಗ ತಾಗುವ ಹಾಗೆ.

ಸ್ಪ್ಯಾನಿಷ್‌ನಲ್ಲಿ ಇರುವುದು ಐದೇ ಸ್ವರ: ಆ, ಎ, ಇ, ಒ, ಉ. ಹ್ರಸ್ವ ‘ಎ’, ಹ್ರಸ್ವ ‘ಒ’ ಎರಡೂ ನಮ್ಮ ಬಾಯಿಗೆ ಮೊದಲೇ ಗೊತ್ತು. ಅಲ್ಲಿ ಹ್ರಸ್ವ ದೀರ್ಘ ಎಂಬ ಭೇದ ಇಲ್ಲ, ಒತ್ತು ಮಾತ್ರ ಇದೆ. ಕೆಳಗೆ ನಾನು ಏ, ಈ, ಊ, ಓ ಎಂದು ದೀರ್ಘ ಬರೆದಲ್ಲೆಲ್ಲ ಒತ್ತು ಹಾಕಿ. ‘ಆ’ ಮಾತ್ರ ಎಲ್ಲ ಕಡೆ ಬರುತ್ತದೆ. ಬಾಯಿ ಚೆನ್ನಾಗಿ ತೆರೆಯಲಿ ಅಂತ ಹಾಗೆ ಬರೆದಿದ್ದೇನೆ. ಸುಮ್ನೆ ಎಳೆಯಬೇಡಿ.

ಇನ್ನೆರಡು ಮಾತು. ರೋಮನ್ ಅಕ್ಷರಗಳಲ್ಲಿ ‘ವಿ’ ಬರೆದರೂ ಓದುವುದು ಮೃದುವಾದ ‘ಬ’. ‘ಎಚ್’ ಬರೆದರೂ ಅದಕ್ಕೆ ಸದ್ದಿಲ್ಲ. ಹಸಿವು ಎಂಬ ಪದದ ಮೊದಲಿಗೆ ಎಚ್ ಇದೆ, ಆದರೆ ಹೇಳುವುದು ‘ಆಂಬ್ರೆ’. ಮತ್ತೆ ‘ಎನ್’ ಮೇಲೆ ಅಲೆಯಂಥ ಗೆರೆ ಇದ್ದರೆ ಅದು ನಮ್ಮ ‘ಞ’. ಶಾಲೆಯಲ್ಲಿ ಬಾಯಿಪಾಠ ಮಾಡಿ, ಆಮೇಲೆ ಎಲ್ಲೂ ಬಳಸದೆ ಬಿಟ್ಟ ಆ ಅಕ್ಷರಕ್ಕೆ ಇಲ್ಲಿ ನಿಜವಾದ ಕೆಲಸ ಇದೆ. ವರ್ಷಗಳು ಎಂಬುದಕ್ಕೆ ‘ಆಞೊಸ್’. ಇದನ್ನು ‘ಆನೊಸ್’ ಅಂದರೆ ದೇಹದ ಹಿಂಭಾಗದ ಒಂದು ಅಸಭ್ಯ ಪದ ಆಗುತ್ತದೆ. ವಯಸ್ಸು ಹೇಳುವಾಗ ಜಾಗ್ರತೆ.

ಈಗಿನ ಕಾಲದ ರೂಪಗಳು

ನಾನು: ತೆಂಗೊ
ನೀನು: ತ್ಯೇನೆಸ್
ಅವನು, ಅವಳು, ನೀವು (ಒಬ್ಬರಿಗೆ ಗೌರವದಿಂದ): ತ್ಯೇನೆ
ನಾವು: ತೆನೇಮೊಸ್
ಅವರು, ನೀವೆಲ್ಲ: ತ್ಯೇನೆನ್

ಸ್ಪೇನ್ ದೇಶದಲ್ಲಿ ಸಲಿಗೆಯ ‘ನೀವೆಲ್ಲ’ ಎಂಬುದಕ್ಕೆ ‘ತೆನೇಯ್ಸ್’ ಎಂಬ ಇನ್ನೊಂದು ರೂಪ ಇದೆ. ಲ್ಯಾಟಿನ್ ಅಮೆರಿಕದಲ್ಲಿ ಅದರ ಬಳಕೆ ಇಲ್ಲ. ಹಡಗಿನಲ್ಲಿ ನಿಮಗೆ ಸಿಗುವ ಮೆಕ್ಸಿಕೊ, ಪೆರು, ಕೊಲಂಬಿಯಾ, ಹೊಂಡುರಾಸ್ ಜನ ‘ತ್ಯೇನೆನ್’ ಅನ್ನುತ್ತಾರೆ. ಅರ್ಜೆಂಟೀನಾದವರು ನೀನು ಎಂಬುದಕ್ಕೆ ‘ತೆನೇಸ್’ ಅನ್ನುತ್ತಾರೆ. ಕೇಳಿದರೆ ಗುರುತು ಸಿಕ್ಕಿದರೆ ಸಾಕು.

ಈಗ ಈ ರೂಪಗಳನ್ನು ಒಮ್ಮೆ ನೋಡಿ. ನಿಯಮದಂತೆ ನಡೆದಿದ್ದರೆ ‘ನಾನು’ ರೂಪ ‘ತೇನೊ’ ಆಗಬೇಕಿತ್ತು. ಅಲ್ಲಿ ಒಂದು ‘ಗ’ ಬಂದು ಕೂತಿದೆ. ‘ನೀನು’, ‘ಅವನು’, ‘ಅವರು’ ರೂಪಗಳಲ್ಲಿ ‘ತೆ’ ಎಂಬುದು ‘ತ್ಯೇ’ ಆಗಿದೆ. ‘ನಾವು’ ಮಾತ್ರ ಸರಿಯಾಗಿ ನಿಯಮದಂತೆ ಇದೆ. ಯಾಕೆ? ಒತ್ತು ‘ತೆ’ ಮೇಲೆ ಬಿದ್ದಾಗ ಅದು ‘ತ್ಯೇ’ ಆಗಿ ಒಡೆಯುತ್ತದೆ. ‘ತೆನೇಮೊಸ್’ನಲ್ಲಿ ಒತ್ತು ಮುಂದಕ್ಕೆ ಹೋಗಿದೆ, ಹಾಗಾಗಿ ‘ತೆ’ ಉಳಿದಿದೆ. ‘ತೆಂಗೊ’ ಮಾತ್ರ ಇದಕ್ಕೂ ಸಿಗದೆ ನಿಂತಿದೆ. ಅದಕ್ಕೆ ನಮ್ಮ ತೆಂಗು ಇದೆಯಲ್ಲ.

ಅನಿಯಮಿತ ಕ್ರಿಯಾಪದ ಅಂದ ಕೂಡಲೇ ಹೆದರುವವರಿಗೆ ನಾನು ಕೇಳುವುದು ಇಷ್ಟೇ. ‘ಮಾಡು’ ಎಂಬುದು ‘ಮಾಡಿದೆ’ ಆದರೆ, ‘ಬರು’ ಯಾಕೆ ‘ಬಂದೆ’ ಆಯಿತು? ‘ಕೊಡು’ ಯಾಕೆ ‘ಕೊಟ್ಟೆ’? ‘ಕಾಣು’ ಯಾಕೆ ‘ಕಂಡೆ’? ‘ಏಳು’ ಯಾಕೆ ‘ಎದ್ದೆ’? ಇವನ್ನು ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ. ದಿನಕ್ಕೆ ನೂರು ಸಲ ಬಳಸಿದ್ದರಿಂದ ಬಂತು. ಯಾವ ಭಾಷೆಯಲ್ಲೂ ಜಾಸ್ತಿ ಬಳಸುವ ಪದಗಳೇ ನಿಯಮ ಮೀರಿ ನಿಲ್ಲುತ್ತವೆ. ‘ತೆನೇರ್’ ಅಂಥ ಪದ.

ನಮಗೂ ಅವರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಇದನ್ನು ಮೊದಲ ದಿನವೇ ಮನಸ್ಸಿಗೆ ಹಾಕಿಕೊಳ್ಳಿ. ನಮ್ಮಲ್ಲಿ ‘ನನಗೆ, ನಿನಗೆ, ಅವಳಿಗೆ’ ಎಂದು ಮುಂದಿನ ಪದ ಬದಲಾಗುತ್ತದೆ, ‘ಉಂಟು’ ಹಾಗೆಯೇ ಇರುತ್ತದೆ. ಅಲ್ಲಿ ‘ಉಂಟು’ವೇ ಬದಲಾಗುತ್ತದೆ, ‘ನನಗೆ’ ಎಂಬ ಪದ ಬೇಡವೇ ಬೇಡ. ‘ತೆಂಗೊ’ ಎಂಬ ಒಂದೇ ಪದದಲ್ಲಿ ‘ನನಗೆ ಉಂಟು’ ಎರಡೂ ಸೇರಿವೆ. ಇದೂ ನಮಗೆ ಹೊಸದಲ್ಲ. ‘ನಾಳೆ ಬರ್ತೇನೆ’ ಅಂದರೆ ಯಾರು ಬರುವುದು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಇಲ್ಲ ಅನ್ನಲು ಮುಂದೆ ‘ನೊ’ ಹಾಕಿದರೆ ಮುಗಿಯಿತು. ‘ನೊ ತೆಂಗೊ ತ್ಯೇಂಪೊ’, ಪುರುಸೊತ್ತಿಲ್ಲ.

ಗೌರವದ ಒಂದು ತೊಡಕು

ನಮ್ಮಲ್ಲಿ ಹಿರಿಯರನ್ನು ‘ಅವರು’ ಎಂದು ಬಹುವಚನದಲ್ಲಿ ಹೇಳುತ್ತೇವೆ. ಅಜ್ಜಿ ಬಂದರು, ಮಾಸ್ಟ್ರು ಹೇಳಿದರು. ಹೀಗೆ ಬೆಳೆದ ಮಕ್ಕಳು ಸ್ಪ್ಯಾನಿಷ್‌ನಲ್ಲೂ ಅಜ್ಜಿಗೆ ‘ತ್ಯೇನೆನ್’ ಹಾಕುತ್ತಾರೆ. ಸಂಸ್ಕಾರದಿಂದ ಬಂದ ತಪ್ಪು, ಆದರೂ ತಪ್ಪು. ಅಲ್ಲಿ ಒಬ್ಬರ ಬಗ್ಗೆ ಹೇಳುವಾಗ ಎಷ್ಟೇ ಹಿರಿಯರಾದರೂ ಏಕವಚನ. ‘ಮಿ ಅಬ್ವೇಲಾ ತ್ಯೇನೆ ಒಚೇಂತಾ ಆಞೊಸ್’, ನನ್ನ ಅಜ್ಜಿಗೆ ಎಂಬತ್ತು ವರ್ಷ. ಇದರಲ್ಲಿ ಅಗೌರವ ಇಲ್ಲ.

ಎದುರಿಗೆ ಇರುವವರ ಹತ್ತಿರ ಮಾತಾಡುವಾಗ ಗೌರವಕ್ಕೆ ಜಾಗ ಇದೆ. ಸಲಿಗೆಯ ‘ನೀನು’ಗೆ ‘ತೂ’, ಗೌರವದ ‘ನೀವು’ಗೆ ‘ಉಸ್ತೇದ್’. ‘ಉಸ್ತೇದ್’ ಜೊತೆಗೆ ಬರುವುದು ‘ತ್ಯೇನೆ’. ಜೊತೆಯಲ್ಲಿ ಪಾತ್ರೆ ತೊಳೆಯುವ ಗೆಳೆಯನಿಗೆ ‘ತ್ಯೇನೆಸ್’, ಹೆಡ್ ಶೆಫ್‌ಗೆ ‘ತ್ಯೇನೆ’. ಸಂದೇಹ ಬಂದರೆ ‘ಉಸ್ತೇದ್’ ಹಿಡಿಯಿರಿ. ಜಾಸ್ತಿ ಗೌರವ ಕೊಟ್ಟರೆ ಯಾರಿಗೂ ಬೇಸರ ಆಗುವುದಿಲ್ಲ.

ಹಸಿವು, ಬಾಯಾರಿಕೆ, ಸೆಕೆ, ವಯಸ್ಸು

ಇಲ್ಲಿ ನಮಗೆ ನಿಜವಾದ ಲಾಭ. ಕೆಳಗಿನ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ. ಬಲಗಡೆಯ ಕನ್ನಡ ನಮ್ಮ ಊರಿನದ್ದೇ.

ತೆಂಗೊ ಆಂಬ್ರೆ: ನಂಗೆ ಹಸಿವುಂಟು
ತೆಂಗೊ ಸೆದ್: ಬಾಯಾರಿಕೆ ಉಂಟು
ತೆಂಗೊ ಸ್ವೇಞೊ: ನಿದ್ದೆ ಬರ್ತಾ ಉಂಟು
ತೆಂಗೊ ಮ್ಯೇದೊ: ಹೆದರಿಕೆ ಉಂಟು
ತೆಂಗೊ ಪ್ರೀಸಾ: ಅರ್ಜೆಂಟು ಉಂಟು
ತೆಂಗೊ ಫ್ಯೇಬ್ರೆ: ಜ್ವರ ಉಂಟು
ತೆಂಗೊ ತೋಸ್: ಕೆಮ್ಮು ಉಂಟು
ತೆಂಗೊ ಗಾನಾಸ್ ದೆ ಕೊಮೇರ್ ಪೆಸ್ಕಾದೊ: ಮೀನು ತಿನ್ನುವ ಆಸೆ ಉಂಟು

ಕೊನೆಯ ವಾಕ್ಯ ನಾನು ಹಡಗಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ನೀವು ‘ದೆ’ ಆದಮೇಲೆ ಯಾವ ಕ್ರಿಯಾಪದದ ಮೂಲ ರೂಪ ಬೇಕಾದರೂ ಹಾಕಬಹುದು. ‘ತೆಂಗೊ ಗಾನಾಸ್ ದೆ ದೊರ್ಮೀರ್’, ಮಲಗುವ ಆಸೆ ಉಂಟು.

ಸೆಕೆಯ ವಿಷಯ ಬೇರೆಯಾಗಿ ಹೇಳಬೇಕು. ನಮಗೆ ಅದರ ಬಗ್ಗೆ ಮಾತಾಡದೆ ಏಪ್ರಿಲ್, ಮೇ ಕಳೆಯುವುದಿಲ್ಲ. ‘ನಂಗೆ ಸೆಕೆ ಆಗ್ತದೆ’ ಎಂಬುದಕ್ಕೆ ‘ತೆಂಗೊ ಕಾಲೋರ್’. ‘ಇವತ್ತು ಸೆಕೆ ಉಂಟು’ ಅಂತ ಹವೆಯ ಬಗ್ಗೆ ಹೇಳುವಾಗ ‘ಆಸೆ ಕಾಲೋರ್’. ‘ನಂಗೆ’ ಇದ್ದರೆ ತೆನೇರ್, ಇಲ್ಲದಿದ್ದರೆ ಬೇರೆ ಪದ. ಈ ಸೂತ್ರ ಮುಂದೆಯೂ ಕೆಲಸಕ್ಕೆ ಬರುತ್ತದೆ. ಇಂಗ್ಲಿಷ್ ದಾರಿಯಲ್ಲಿ ಹೋಗಿ ‘ಎಸ್ತೋಯ್ ಕಾಲ್ಯೇಂತೆ’ ಅಂದರೆ ಅದಕ್ಕೆ ಕಾಮದ ಅರ್ಥ ಬರುತ್ತದೆ. ಹುಡುಗಿಯರಿಗೂ ಹುಡುಗರಿಗೂ ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ.

ವಯಸ್ಸು ಇನ್ನೊಂದು. ‘ಕ್ವಾಂತೊಸ್ ಆಞೊಸ್ ತ್ಯೇನೆಸ್?’ ನಿನಗೆ ಎಷ್ಟು ವರ್ಷ? ‘ತೆಂಗೊ ಬೇಯ್ಂತೆ ಆಞೊಸ್’, ನನಗೆ ಇಪ್ಪತ್ತು ವರ್ಷ. ನಾವು ‘ನಾನು ಇಪ್ಪತ್ತು’ ಅನ್ನುವುದಿಲ್ಲ, ಅವರೂ ಅನ್ನುವುದಿಲ್ಲ.

‘ತುಂಬಾ’ ಸೇರಿಸುವುದು ಹೇಗೆ? ಇವೆಲ್ಲ ನಾಮಪದಗಳಾದ್ದರಿಂದ ‘ಮೂಚೊ’ ಅಥವಾ ‘ಮೂಚಾ’ ಬೇಕು. ಆಂಬ್ರೆ, ಸೆದ್, ಪ್ರೀಸಾ, ಫ್ಯೇಬ್ರೆ, ತೋಸ್ ಇವು ಸ್ತ್ರೀಲಿಂಗ, ‘ಮೂಚಾ’ ಹಾಕಿ. ಕಾಲೋರ್, ಫ್ರೀಯೊ (ಚಳಿ), ಸ್ವೇಞೊ, ಮ್ಯೇದೊ ಪುಲ್ಲಿಂಗ, ‘ಮೂಚೊ’ ಹಾಕಿ. ‘ತೆಂಗೊ ಮೂಚಾ ಆಂಬ್ರೆ.’ ‘ಮುಯ್’ ಎಂಬ ಪದ ಗುಣವಾಚಕ, ಕ್ರಿಯಾವಿಶೇಷಣಗಳಿಗೆ ಮಾತ್ರ. ‘ತೆಂಗೊ ಮುಯ್ ಆಂಬ್ರೆ’ ತಪ್ಪು.

‘ಹೋಗ್ಲಿಕ್ಕುಂಟು’

‘ನಂಗೆ ಪೇಟೆಗೆ ಹೋಗ್ಲಿಕ್ಕುಂಟು.’ ಹೊರಗಿನವರು ನಮ್ಮ ಈ ಮಾತು ಕೇಳಿ ಎರಡು ಸಲ ತಿರುಗಿ ನೋಡುತ್ತಾರೆ. ಸ್ಪ್ಯಾನಿಷ್ ಮಾತಾಡುವವರಿಗೆ ಮಾತ್ರ ಇದರ ಕಟ್ಟೋಣ ಕೂಡಲೇ ಅರ್ಥ ಆಗುತ್ತದೆ. ಅವರು ‘ತೆಂಗೊ ಕೆ ಇರ್ ಆಲ್ ಮೆರ್ಕಾದೊ’ ಅನ್ನುತ್ತಾರೆ. ‘ತೆಂಗೊ’ ಅಂದರೆ ನಂಗೆ ಉಂಟು, ‘ಇರ್’ ಅಂದರೆ ಹೋಗುವುದು, ನಡುವಿನ ‘ಕೆ’ ನಮ್ಮ ‘-ಲಿಕ್ಕೆ’ಯ ಕೆಲಸ ಮಾಡುತ್ತದೆ. ಸದ್ದು ಕೂಡ ಹತ್ತಿರ ಇದೆ. ಸಂಬಂಧ ಏನೂ ಇಲ್ಲ, ಆದರೆ ನೆನಪಿಗೆ ಒಳ್ಳೆಯದು.

ಈ ಒಂದು ಕಟ್ಟೋಣ ಬಂದರೆ ದಿನದ ಅರ್ಧ ಮಾತು ಬಂತು.

ತೆಂಗೊ ಕೆ ಲಾಬಾರ್ ಲಾ ರೋಪಾ: ಬಟ್ಟೆ ಒಗೀಲಿಕ್ಕುಂಟು
ತ್ಯೇನೆಸ್ ಕೆ ಎಸ್ಪೆರಾರ್: ನೀನು ಕಾಯ್ಬೇಕು
ತೆನೇಮೊಸ್ ಕೆ ತ್ರಾಬಾಹಾರ್ ಮಞಾನಾ: ನಾಳೆ ನಮಗೆ ಕೆಲಸ ಮಾಡ್ಲಿಕ್ಕುಂಟು

ಎರಡನೇ ಕ್ರಿಯಾಪದ ಯಾವಾಗಲೂ ಮೂಲ ರೂಪದಲ್ಲೇ ಇರಬೇಕು. ಬದಲಾಗುವುದು ‘ತೆನೇರ್’ ಒಂದೇ. ‘ಕೆ’ ಬಿಟ್ಟು ‘ತೆಂಗೊ ಇರ್’ ಅನ್ನಬೇಡಿ. ನಮ್ಮಲ್ಲಿ ‘ಹೋಗು ಉಂಟು’ ಅಂದ ಹಾಗೆ ಕೇಳುತ್ತದೆ.

‘ಉಂಟು’ ಕೈಕೊಡುವ ಜಾಗಗಳು

ನಮ್ಮ ‘ಉಂಟು’ ಬಹಳ ಕಡೆ ಬರುತ್ತದೆ. ‘ತೆನೇರ್’ ಅಷ್ಟು ಕಡೆ ಬರುವುದಿಲ್ಲ. ನನ್ನ ಜಗಲಿಯ ಪಾಠದಲ್ಲಿ ಅತಿ ಜಾಸ್ತಿ ಹೊತ್ತು ಹೋಗುವುದು ಇಲ್ಲಿ.

‘ಮೇಜಿನ ಮೇಲೆ ಪುಸ್ತಕ ಉಂಟು.’ ಇಲ್ಲಿ ಯಾರಿಗೆ ಉಂಟು ಅಂತ ಇಲ್ಲ. ಏನೋ ಒಂದು ಇದೆ, ಅಷ್ಟೆ. ಇದಕ್ಕೆ ‘ಆಯ್’ ಎಂಬ ಬೇರೆ ಪದ. ‘ಆಯ್ ಉನ್ ಲೀಬ್ರೊ ಎನ್ ಲಾ ಮೇಸಾ.’ ಇದು ‘ಆಬೇರ್’ ಎಂಬ ಕ್ರಿಯಾಪದದ ರೂಪ. ಒಂದು ಪುಸ್ತಕ ಇರಲಿ, ಹತ್ತು ಇರಲಿ, ‘ಆಯ್’ ಬದಲಾಗುವುದಿಲ್ಲ. (‘ಮೇಸಾ’ ನಿಮಗೆ ಗೊತ್ತಿರುವ ಪದವೇ. ನಮ್ಮ ಮೇಜು ಪೋರ್ಚುಗೀಸರಿಂದ ಬಂದದ್ದು. ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಅಕ್ಕ ತಂಗಿಯರು.)

‘ಬಸ್ ಸ್ಟ್ಯಾಂಡ್ ಎಲ್ಲುಂಟು?’ ಇಲ್ಲಿ ಗೊತ್ತಿರುವ ಒಂದು ಜಾಗ ಎಲ್ಲಿದೆ ಅಂತ ಕೇಳುತ್ತಿದ್ದೀರಿ. ಇದಕ್ಕೆ ‘ಎಸ್ತಾರ್’ ಎಂಬ ಕ್ರಿಯಾಪದ. ‘ದೋಂದೆ ಎಸ್ತಾ?’ ಎಲ್ಲುಂಟು?

‘ನಂಗೆ ಎರಡು ತಂಗಿಯರು ಇದ್ದಾರೆ.’ ಇಲ್ಲಿ ನಾವು ‘ಉಂಟು’ ಬಿಟ್ಟು ‘ಇದ್ದಾರೆ’ ಅನ್ನುತ್ತೇವೆ. ಮನುಷ್ಯರಾದ್ದರಿಂದ. ಅಲ್ಲಿ ಆ ಭೇದ ಇಲ್ಲ. ‘ತೆಂಗೊ ದೋಸ್ ಎರ್ಮಾನಾಸ್.’ ‘ನನ್ನ ಹತ್ರ ದುಡ್ಡಿಲ್ಲ’ ಎಂಬುದೂ ತೆನೇರ್‌ಗೇ ಹೋಗುತ್ತದೆ. ‘ನೊ ತೆಂಗೊ ದಿನೇರೊ.’

ಹಾಗಾದರೆ ವಾಕ್ಯ ಕನ್ನಡದಲ್ಲಿ ಮನಸ್ಸಿಗೆ ಬಂದ ಕೂಡಲೇ ಕೇಳಿಕೊಳ್ಳಿ: ಇದರಲ್ಲಿ ‘ನನಗೆ, ನಿನಗೆ, ಅವಳಿಗೆ’ ಅಥವಾ ‘ಹತ್ತಿರ’ ಇದೆಯಾ? ಜೊತೆಗೆ ‘ಉಂಟು, ಇದೆ, ಇಲ್ಲ’ ಇದೆಯಾ? ಎರಡೂ ಇದ್ದರೆ ತೆನೇರ್. ‘ನನಗೆ’ ಒಂದೇ ಇದ್ದರೆ ಸಾಲದು. ‘ನನಗೆ ಗೊತ್ತು’ ಅಂದರೆ ‘ಸೆ’. ‘ನನಗೆ ಬೇಕು’ ಅಂದರೆ ‘ಕ್ಯೇರೊ’. ‘ನನಗೆ ಇಷ್ಟ’ ಅಂದರೆ ‘ಮೆ ಗೂಸ್ತಾ’. ಇದರಲ್ಲಿ ‘ಮೆ’ ಅಂದರೆ ‘ನನಗೆ’ ಎಂದೇ. ಇಂಗ್ಲಿಷ್‌ನವರು ತಿಂಗಳುಗಟ್ಟಲೆ ಒದ್ದಾಡುವ ಆ ಕಟ್ಟೋಣ ನಮಗೆ ಹುಟ್ಟಿನಿಂದ ಗೊತ್ತು. ಅದು ಇನ್ನೊಂದು ದಿನದ ಪಾಠ.

‘ನಾನು ತಿಂದಿದ್ದೇನೆ’, ‘ನೋಡಿದ್ದುಂಟು’ ಎಂಬಂಥವಕ್ಕೂ ತೆನೇರ್ ಹಾಕಬೇಡಿ. ಅಲ್ಲಿ ‘ಆಬೇರ್’ ಬರುತ್ತದೆ: ‘ಎ ಕೊಮೀದೊ’.

ಹಿಂದಿನ ಕಾಲ ಎರಡು: ‘ಇತ್ತು’ ಮತ್ತು ‘ಆಯ್ತು’

ಇದನ್ನು ಎಲ್ಲರೂ ಕಷ್ಟ ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಸಾದಾ ಭೂತಕಾಲಗಳು ಎರಡು. ಒಂದು ಹಿನ್ನೆಲೆಯಲ್ಲಿ ಇದ್ದದ್ದನ್ನು ಹೇಳುತ್ತದೆ, ಇನ್ನೊಂದು ನಡೆದು ಮುಗಿದದ್ದನ್ನು ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ ಬರುವುದರಿಂದ ಆ ದಾರಿಯಲ್ಲಿ ಹೋದರೆ ಗೊಂದಲ. ನಮ್ಮಲ್ಲಿ ಎರಡು ಪದ ಮೊದಲೇ ಇವೆ.

ತೆನೀಯಾ ಮ್ಯೇದೊ: ಹೆದರಿಕೆ ಇತ್ತು
ತೂಬೆ ಮ್ಯೇದೊ: ಹೆದರಿಕೆ ಆಯ್ತು

‘ಇತ್ತು’ ಅಂದರೆ ಮೊದಲಿಂದ ಇತ್ತು, ಎಷ್ಟು ಹೊತ್ತು ಅಂತ ಇಲ್ಲ. ‘ಆಯ್ತು’ ಅಂದರೆ ಆ ಹೊತ್ತಿಗೆ ಬಂತು. ಹಾಗೆಯೇ ‘ತೆನೀಯಾ’ ಮತ್ತು ‘ತೂಬೆ’.

ಇನ್ನೂ ಚಂದದ ಜೋಡಿ ಒಂದಿದೆ.

ತೆನೀಯಾ ಕೆ ಇರ್ ಆ ಉಡುಪಿ: ಉಡುಪಿಗೆ ಹೋಗಬೇಕಿತ್ತು
ತೂಬೆ ಕೆ ಇರ್ ಆ ಉಡುಪಿ: ಉಡುಪಿಗೆ ಹೋಗಬೇಕಾಯ್ತು

ಮೊದಲನೆಯದನ್ನು ಕೇಳಿದವರು ‘ಮತ್ತೆ ಹೋದ್ಯಾ?’ ಅಂತ ಕೇಳಬಹುದು. ಹೋಗಿರಬಹುದು, ಹೋಗದಿರಬಹುದು. ಎರಡನೆಯದರಲ್ಲಿ ಹೋಗಿ ಬಂದದ್ದಾಗಿದೆ. ಸ್ಪ್ಯಾನಿಷ್‌ನಲ್ಲೂ ಅದೇ ವ್ಯತ್ಯಾಸ. ಇದು ನನಗೆ ಹೊಳೆದದ್ದು ಎಷ್ಟೋ ವರ್ಷ ಆದಮೇಲೆ, ಮಲ್ಪೆಯ ಒಬ್ಬ ಹುಡುಗನಿಗೆ ಪಾಠ ಹೇಳುವಾಗ. ಅವತ್ತು ರಾತ್ರಿ ಖುಷಿಯಲ್ಲಿ ನಿದ್ದೆ ಬರಲಿಲ್ಲ.

ವಯಸ್ಸಿಗೆ ‘ಇತ್ತು’ವಿನ ರೂಪವನ್ನೇ ಹಾಕಿ. ‘ಕ್ವಾಂದೊ ತೆನೀಯಾ ದ್ಯೇಸ್ ಆಞೊಸ್’, ನನಗೆ ಹತ್ತು ವರ್ಷ ಇದ್ದಾಗ.

ಈಗ ರೂಪಗಳು. ‘ಇತ್ತು’ವಿನದ್ದು ಪೂರ್ತಿ ನಿಯಮದಂತೆ ನಡೆಯುತ್ತದೆ: ತೆನೀಯಾ, ತೆನೀಯಾಸ್, ತೆನೀಯಾ, ತೆನೀಯಾಮೊಸ್, ತೆನೀಯಾನ್. ಬರೆಯುವಾಗ ‘ಐ’ ಅಕ್ಷರದ ಮೇಲೆ ಒಂದು ಓರೆ ಗೆರೆ ಎಳೆಯಲು ಮರೆಯಬೇಡಿ.

‘ಆಯ್ತು’ವಿನದ್ದು ಅನಿಯಮಿತ:

ನನಗೆ: ತೂಬೆ
ನಿನಗೆ: ತುಬೀಸ್ತೆ
ಅವನಿಗೆ, ಅವಳಿಗೆ, ನಿಮಗೆ: ತೂಬೊ
ನಮಗೆ: ತುಬೀಮೊಸ್
ಅವರಿಗೆ, ನಿಮಗೆಲ್ಲ: ತುಬ್ಯೇರೊನ್

ಗದ್ದೆಯ ತೂಬು ನೆನಪಿಸಿಕೊಳ್ಳಿ. ತೂಬಿನಿಂದ ಹರಿದು ಹೋದ ನೀರು ಮುಗಿದ ಸಂಗತಿ. ನೆನಪಿಡಲು ನನಗೆ ಇದು ಸಾಕಾಯಿತು. ‘ತೂಬೆ’, ‘ತೂಬೊ’ ಎರಡರಲ್ಲೂ ಒತ್ತು ‘ತೂ’ ಮೇಲೆ. ನಿಯಮದ ಕ್ರಿಯಾಪದಗಳಲ್ಲಿ ಈ ಜಾಗದಲ್ಲಿ ಒತ್ತು ಕೊನೆಗೆ ಬೀಳುತ್ತದೆ. ಹಾಗಾಗಿ ಕಲಿತವರೂ ‘ತುಬೇ’ ಅಂದುಬಿಡುತ್ತಾರೆ.

ಇದೇ ಬಾಲ ಹಚ್ಚಿಕೊಂಡ ಇನ್ನೂ ಕೆಲವು ಅನಿಯಮಿತ ಕ್ರಿಯಾಪದಗಳಿವೆ. ಎಸ್ತಾರ್ ಎಂಬುದು ‘ಎಸ್ತೂಬೆ’, ಪೊದೇರ್ ಎಂಬುದು ‘ಪೂದೆ’, ಪೊನೇರ್ ಎಂಬುದು ‘ಪೂಸೆ’, ಬೆನೀರ್ ಎಂಬುದು ‘ಬೀನೆ’. ತೂಬೆ ಬಾಯಿಗೆ ಬಂದರೆ ಇವೂ ಸಲೀಸು.

ಮುಂದಿನ ಕಾಲ: ‘ತಂದ್ರೆ’ ಇರ್ತದೆ

ತೆಂದ್ರೇ, ತೆಂದ್ರಾಸ್, ತೆಂದ್ರಾ, ತೆಂದ್ರೇಮೊಸ್, ತೆಂದ್ರಾನ್. ಒತ್ತು ಎಲ್ಲದರಲ್ಲೂ ‘ದ್ರೇ’, ‘ದ್ರಾ’ ಮೇಲೆ.

ನಿಯಮದಂತೆ ‘ತೆನೆರೇ’ ಆಗಬೇಕಿತ್ತು. ನಡುವಿನ ‘ಎ’ ಬಿದ್ದು ಹೋಗಿ ‘ನ್’ ಮತ್ತು ‘ರ್’ ಒಟ್ಟಿಗೆ ಬಂದವು. ‘ನ್ರ್’ ಅಂತ ಬೇಗ ಹತ್ತು ಸಲ ಹೇಳಿ ನೋಡಿ. ನಡುವೆ ‘ದ್’ ತಾನಾಗಿ ನುಸುಳುತ್ತದೆ. ನೆನಪಿಗೆ ನಮ್ಮ ‘ತಂದ್ರೆ’ ಇದೆ. ತಂದ್ರೆ ಇರ್ತದೆ. ‘ಮಞಾನಾ ತೆಂದ್ರೇ ಮಾಸ್ ತ್ಯೇಂಪೊ’, ನಾಳೆ ನಂಗೆ ಇನ್ನೂ ಸ್ವಲ್ಪ ಪುರುಸೊತ್ತು ಇರ್ತದೆ.

ಇದೇ ರೂಪಕ್ಕೆ ಊಹೆಯ ಅರ್ಥವೂ ಇದೆ. ‘ತೆಂದ್ರಾ ಕ್ವಾರೇಂತಾ ಆಞೊಸ್’ ಅಂದರೆ ‘ಅವರಿಗೆ ನಲವತ್ತು ವರ್ಷ ಇದ್ದೀತು’. ನಮ್ಮ ‘ಇದ್ದೀತು’ ಎಂಬ ರೂಪ ಈಗ ಮಾತಿನಲ್ಲಿ ಕಡಿಮೆಯಾಗಿದೆ. ಹಳಬರ ಬಾಯಲ್ಲಿ ಕೇಳಬಹುದು. ಅದರ ಅರ್ಥದ ನವಿರು ‘ತೆಂದ್ರಾ’ದಲ್ಲಿ ಹಾಗೆಯೇ ಸಿಗುತ್ತದೆ.

ಹಾರೈಕೆಯ ‘ಇರಲಿ’

‘ತೆಂಗೊ’ದ ಕೊನೆಯ ‘ಒ’ ತೆಗೆದು ‘ಆ’ ಹಾಕಿ. ‘ತೆಂಗಾ’ ಆಯಿತು. ತೆಂಗಾಸ್, ತೆಂಗಾ, ತೆಂಗಾಮೊಸ್, ತೆಂಗಾನ್. ವ್ಯಾಕರಣದ ಪುಸ್ತಕಗಳು ಇದಕ್ಕೆ ಉದ್ದುದ್ದ ವಿವರಣೆ ಕೊಡುತ್ತವೆ. ಶುರುವಿಗೆ ನಮ್ಮ ‘ಇರಲಿ’ ಸಾಕು.

ಕೆ ತೆಂಗಾ ಉನ್ ಬ್ವೇನ್ ದೀಯಾ: ನಿಮಗೆ ಒಳ್ಳೆಯ ದಿನ ಇರಲಿ
ಎಸ್ಪೇರೊ ಕೆ ತೆಂಗಾಸ್ ಸ್ವೇರ್ತೆ: ನಿನಗೆ ಅದೃಷ್ಟ ಇರಲಿ ಅಂತ ನನ್ನ ಆಸೆ

ಮೊದಲನೆಯದನ್ನು ಹಡಗಿನಲ್ಲಿ ಗಿರಾಕಿಗಳಿಗೆ ದಿನವೂ ಹೇಳಬೇಕಾಗುತ್ತದೆ. ಪಣಂಬೂರಿನ ಬಂದರಿಗೆ ಪ್ರವಾಸಿ ಹಡಗು ಬಂದಾಗ ಪೇಟೆಗೆ ಇಳಿಯುವವರಲ್ಲಿ ಸ್ಪ್ಯಾನಿಷ್ ಮಾತಾಡುವವರು ಸಿಕ್ಕರೆ ಇದನ್ನು ಹೇಳಿ ನೋಡಿ. ಮುಖ ಅರಳುತ್ತದೆ.

ಬೇಡ ಅನ್ನುವುದಕ್ಕೂ ಇದೇ ರೂಪ: ‘ನೊ ತೆಂಗಾಸ್ ಮ್ಯೇದೊ’, ಹೆದರಬೇಡ. ಮಾಡು ಅನ್ನುವಾಗ ಮಾತ್ರ ಪುಟ್ಟದಾಗಿ ‘ತೆನ್’. ‘ತೆನ್ ಕ್ವಿದಾದೊ’, ಜಾಗ್ರತೆ. ಬಿಸಿ ಪಾತ್ರೆ ಹಿಡಿದು ನಿಮ್ಮ ಹಿಂದೆ ಯಾರಾದರೂ ಬಂದರೆ ಬರೀ ‘ಕ್ವಿದಾದೊ!’ ಎಂದು ಕೂಗುತ್ತಾರೆ. ಅರ್ಥ ಯೋಚಿಸುತ್ತಾ ನಿಲ್ಲಬೇಡಿ, ಬದಿಗೆ ಸರಿಯಿರಿ.

ಅಭ್ಯಾಸ ಹೇಗೆ

ಮೊದಲ ವಾರ ಈಗಿನ ಕಾಲ ಬಿಟ್ಟು ಬೇರೇನೂ ಬೇಡ. ಪಟ್ಟಿಯನ್ನು ಮೇಲಿಂದ ಕೆಳಗೆ ಬಾಯಿಪಾಠ ಮಾಡಿದರೆ ಪಟ್ಟಿ ಬರುತ್ತದೆ, ಮಾತು ಬರುವುದಿಲ್ಲ. ನಾನು ಮಕ್ಕಳಿಗೆ ಹೇಳುವುದು ಬಸ್ಸಿನ ಅಭ್ಯಾಸ. ಸುರತ್ಕಲ್‌ನಿಂದ ಸ್ಟೇಟ್ ಬ್ಯಾಂಕಿಗೆ ಹೋಗುವಾಗ ಕಿಟಕಿ ಹತ್ತಿರ ಕೂತು, ಕಂಡದ್ದಕ್ಕೆಲ್ಲ ಮೆಲ್ಲಗೆ ಒಂದು ವಾಕ್ಯ. ಆ ಹುಡುಗಿಗೆ ನಿದ್ದೆ ಬರ್ತಾ ಉಂಟು: ‘ತ್ಯೇನೆ ಸ್ವೇಞೊ’. ಇವರಿಗೆಲ್ಲ ಅರ್ಜೆಂಟು: ‘ತ್ಯೇನೆನ್ ಪ್ರೀಸಾ’. ನಂಗೆ ಇಳೀಲಿಕ್ಕುಂಟು: ‘ತೆಂಗೊ ಕೆ ಬಾಹಾರ್’. ಒಂದು ವಿಷಯ ಗೊತ್ತಿರಲಿ, ಸ್ಪ್ಯಾನಿಷ್‌ನಲ್ಲಿ ‘ಕೊಂದುಕ್ತೋರ್’ ಅಂದರೆ ಬಸ್ಸಿನ ಡ್ರೈವರ್, ಟಿಕೆಟ್ ಕೊಡುವವರಲ್ಲ.

ಎರಡನೇ ವಾರ ರಾತ್ರಿ ಮಲಗುವ ಮೊದಲು ಅವತ್ತಿನ ದಿನದ ಬಗ್ಗೆ ಐದು ವಾಕ್ಯ, ‘ತೂಬೆ’ ಮತ್ತು ‘ತೆನೀಯಾ’ ಹಾಕಿ. ಮೊದಲು ಕನ್ನಡದಲ್ಲಿ ‘ಇತ್ತಾ, ಆಯ್ತಾ’ ಎಂದು ಕೇಳಿಕೊಂಡು ಬರೆಯಿರಿ. ಮೂರನೇ ವಾರ ‘ತೆಂದ್ರೇ’ ಮತ್ತು ‘ತೆಂಗಾ’. ಸಂದೇಹ ಬಂದರೆ ಸ್ಪೇನಿನ ರೆಯಾಲ್ ಅಕಾದೇಮ್ಯಾದ ನಿಘಂಟು ನೋಡಿ. 1713ರಲ್ಲಿ ಶುರುವಾದ ಸಂಸ್ಥೆ ಅದು. ಅದರ ನಿಘಂಟು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ ಎಂಬಷ್ಟೇ ಅಲ್ಲ, ಪ್ರತಿ ಕ್ರಿಯಾಪದದ ಎಲ್ಲ ರೂಪಗಳನ್ನೂ ಕೊಡುತ್ತದೆ.

ತೆನೇರ್ ಬಂದಮೇಲೆ ಅದರ ಮಕ್ಕಳು ಪುಕ್ಕಟೆ. ಲ್ಯಾಟಿನ್‌ನಲ್ಲಿ ಇದರ ಬೇರಿಗೆ ‘ಹಿಡಿ’ ಎಂಬ ಅರ್ಥ. ಮಾಂತೆನೇರ್ (ಕಾಪಾಡಿಕೊಳ್ಳು), ಒಬ್ತೆನೇರ್ (ಪಡೆ), ದೆತೆನೇರ್ (ತಡೆದು ನಿಲ್ಲಿಸು), ಕೊಂತೆನೇರ್ (ಒಳಗೆ ಹಿಡಿದುಕೊಳ್ಳು). ಬಂದರಿನಲ್ಲಿ ಕಾಣುವ ಕಂಟೇನರ್ ಪದದಲ್ಲೂ ಇದೇ ಬೇರು. ಎಲ್ಲಕ್ಕೂ ರೂಪ ಒಂದೇ: ಮಾಂತೆಂಗೊ, ಒಬ್ತೂಬೆ, ದೆತೆಂದ್ರಾ.

ಈಗ ಇವನ್ನು ನೀವೇ ಹೇಳಿ ನೋಡಿ, ಆಮೇಲೆ ಕೆಳಗೆ ನೋಡಿ: ಒಂದು, ನಮಗೆ ಹಸಿವುಂಟು. ಎರಡು, ನನ್ನ ತಂಗಿಗೆ ಜ್ವರ ಇತ್ತು. ಮೂರು, ನಿನ್ನೆ ನಂಗೆ ಕಾಯಬೇಕಾಯ್ತು. ನಾಲ್ಕು, ಮನೆಯಲ್ಲಿ ಮೀನು ಉಂಟು.

ಒಂದು, ತೆನೇಮೊಸ್ ಆಂಬ್ರೆ. ಎರಡು, ಮಿ ಎರ್ಮಾನಾ ತೆನೀಯಾ ಫ್ಯೇಬ್ರೆ. ಮೂರು, ಆಯೇರ್ ತೂಬೆ ಕೆ ಎಸ್ಪೆರಾರ್. ನಾಲ್ಕು, ಆಯ್ ಪೆಸ್ಕಾದೊ ಎನ್ ಕಾಸಾ. ನಾಲ್ಕನೆಯದರಲ್ಲಿ ‘ನನಗೆ’ ಇಲ್ಲ, ಹಾಗಾಗಿ ತೆನೇರ್ ಬರಲಿಲ್ಲ.